ನೆಂಟರಿಗೆಂದು ತಂದ ಕುರ್ಚಿಯನ್ನು ಎಣಿಸಿಕೊಂಡು ಹೋದವರಿಗೆ

ವಲಸೆ ಕುಟುಂಬಗಳ ಯೋಗಕ್ಷೇಮದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ಕುನಿಯ ಬಲಗಾಲು ಸುಟ್ಟದ್ದು ನಿಮ್ಮ ವರದಿಯಿಂದ. ಇದನ್ನು ಸುತ್ತಿ ಬಳಸಿ, ಮೆತ್ತಗೆ ಹೇಳುವುದು ನನಗೆ ಚೆನ್ನಾಗಿಯೇ ಗೊತ್ತು. ನಂಜನಗೂಡಿನ ಕೋರ್ಟಿನ ಎದುರು ಟೈಪಿಂಗ್ ಮಾಡುತ್ತಲೇ ತಲೆ ನರೆತವಳು ನಾನು. ‘ತಮ್ಮ ಅಮೂಲ್ಯ ಗಮನಕ್ಕೆ ತರಬಯಸುವುದೇನೆಂದರೆ’, ‘ಸಹಾನುಭೂತಿಯಿಂದ ಪರಿಶೀಲಿಸಬೇಕಾಗಿ ಪ್ರಾರ್ಥನೆ’ ಎಂಬ ಮಾತುಗಳನ್ನು ಇಷ್ಟು ವರ್ಷ ಬೇರೆಯವರ ಪರವಾಗಿ ಬೇಕಾದಷ್ಟು ಹೊಡೆದಿದ್ದೇನೆ. ಈ ಪತ್ರ ನನ್ನದು. ಇದರಲ್ಲಿ ಪ್ರಾರ್ಥನೆ ಇಲ್ಲ.

ಕುನಿ ಯಾರೆಂದು ನಿಮಗೆ ತಿಳಿದಿರಲಾರದು. ನಿಮ್ಮ ವರದಿಯಲ್ಲಿ ಅವಳು ಒಂದು ಅಂಕಿ. ನನ್ನ ಮನೆಯ ಹಿಂದಿನ ಬಾಡಿಗೆ ಕೋಣೆಯೊಂದರಲ್ಲಿ ಒಡಿಶಾದಿಂದ ಬಂದ ಸುನೀತಾ ಮತ್ತು ಅವಳ ಗಂಡ ಇದ್ದಾರೆ. ಇಬ್ಬರೂ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುವವರು. ಕುನಿ ಅವರ ಮಗಳು, ಈಗಷ್ಟೇ ಮಾತು ಕಲಿಯುತ್ತಿರುವ ಕೂಸು. ಅವಳಂಥ ಮಕ್ಕಳಿಗೆಂದು ನಿಮ್ಮದೇ ಇಲಾಖೆ ನಮ್ಮ ಬೀದಿಯ ಕೊನೆಯಲ್ಲಿ ಒಂದು ಶಿಶುಪಾಲನಾ ಕೇಂದ್ರ ನಡೆಸುತ್ತಿತ್ತು. ದೇವನೂರಿನಿಂದ ಬೆಳಗಿನ ಬಸ್ಸಿಗೆ ಬರುವ ಆಯಾ ಮಂಚಮ್ಮ ಆ ಮಕ್ಕಳಿಗೆ ಅನ್ನ ತಿನ್ನಿಸಿ, ಮಲಗಿಸಿ, ಮೂಗು ಒರೆಸಿ, ಸಂಜೆ ತಾಯಂದಿರ ಕೈಗೆ ಕೊಡುತ್ತಿದ್ದಳು. ಅಷ್ಟರಲ್ಲಿ ನಿಮಗೆ ಹೋಲಿಕೆ ಮಾಡುವ ಉತ್ಸಾಹ ಬಂತು.

ವರದಿ ಬಿಡುಗಡೆಯ ಸಭೆಗೆ ನಾನೂ ಬಂದಿದ್ದೆ. ಮೊದಲ ಸಾಲಿನಲ್ಲಿಯೇ ಕೂತಿದ್ದೆ. ನೀವು ವಿದೇಶಕ್ಕೆ ಅಧ್ಯಯನ ಪ್ರವಾಸ ಹೋಗಿದ್ದಿರಂತೆ. ಅಲ್ಲಿಯ ಯಾವುದೋ ನಗರದಲ್ಲಿ ಪೆರುವಿನಿಂದ ಬಂದು ನೆಲೆಸಿದವರು ಹೆಚ್ಚು ಅನುಕೂಲಸ್ಥರೋ, ಅರ್ಜೆಂಟೀನಾದಿಂದ ಬಂದವರೋ ಎಂದು ಪಂಡಿತರು ಅಳೆದು ನೋಡಿದ್ದರಂತೆ. ಆ ಮಾದರಿ ನಿಮ್ಮ ಮನಸ್ಸಿಗೆ ಹಿಡಿಸಿತಂತೆ. ಊರಿಗೆ ಬಂದವರೇ ಪೆರುವಿನವರ ಜಾಗದಲ್ಲಿ ತಿ. ನರಸೀಪುರದ ಇಟ್ಟಿಗೆ ಗೂಡುಗಳಲ್ಲಿ ದುಡಿಯುವ ಜಾರ್ಖಂಡಿನವರನ್ನು ಕೂರಿಸಿದಿರಿ, ಅರ್ಜೆಂಟೀನಾದವರ ಜಾಗಕ್ಕೆ ನಮ್ಮ ನಂಜನಗೂಡಿನ ಒಡಿಯಾ ಕುಟುಂಬಗಳನ್ನು ತಂದಿರಿ. ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳು ಎದ್ದು ನಿಂತವು. ಒಡಿಶಾದವರ ಕಂಬ ಎತ್ತರ, ಜಾರ್ಖಂಡಿನವರದು ಗಿಡ್ಡ. ಎತ್ತರದವರಿಗೆ ಶಿಶುಪಾಲನಾ ಕೇಂದ್ರ ಬೇಕಿಲ್ಲ, ಗಿಡ್ಡದವರಿಗೆ ಬೇಕು ಎಂದು ತೀರ್ಪಾಯಿತು. ಸಭೆ ಚಪ್ಪಾಳೆ ತಟ್ಟಿತು. ಆಮೇಲೆ ಉಪ್ಪಿಟ್ಟು ಕೊಟ್ಟರು.

ಪೆರುವಿನವರ ಬದುಕು, ಅರ್ಜೆಂಟೀನಾದವರ ಬದುಕು ನನಗೆ ತಿಳಿಯದು. ಆ ದೇಶಗಳನ್ನು ನಾನು ಶಾಲೆಯ ಭೂಪಟದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವಳಲ್ಲ. ಆದರೆ ಒಡಿಶಾದವರ ಕಂಬ ಹೇಗೆ ಎತ್ತರವಾಯಿತೆಂಬುದು ಚೆನ್ನಾಗಿ ಗೊತ್ತು. ಅದಕ್ಕೆ ಸಾಮಾನು ಕೊಟ್ಟವಳೇ ನಾನು.

ಸಮೀಕ್ಷೆಯವರು ಭಾನುವಾರ ಬರುತ್ತಾರೆಂದು ಸುದ್ದಿಯಾದಾಗ ಸುನೀತಾ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಕನ್ನಡವನ್ನು ಅವಳು ಕಲಿತದ್ದು ನಮ್ಮ ಬೀದಿಯಲ್ಲಿಯೇ, ಹಾಗಾಗಿ ಮಾತು ಥೇಟ್ ನಮ್ಮವರದೇ.

“ಅಕ್ಕ, ಭಾನ್ವಾರ ಆಪೀಸ್ನೋರು ಮನೆಗ್ ಬತ್ತಾರಂತೆ. ಕೂರ್ಸಕ್ಕೆ ಒಂದ್ ಕುರ್ಚಿನೂ ಇಲ್ಲ.”

“ಅದಕ್ಕೇನೀಗ? ಚಾಪೆ ಮೇಲೆ ಕೂರ್ತಾರೆ ಬಿಡು” ಎಂದೆ.

“ದೊಡ್ಡೋರು ಅಕ್ಕ. ನಮ್ಮನೆಗೆ ಯಾರೂ ಬಂದೇ ಇಲ್ಲ, ಈ ಊರ್ಗೆ ಬಂದ್ಮೇಲೆ.”

ನಾನು ಕರುಣಾಮಯಿಯಲ್ಲ. ಬಾಡಿಗೆ ತಡವಾದರೆ ನಲ್ಲಿ ನಿಲ್ಲಿಸುವವಳೆಂದು ಬೀದಿಯಲ್ಲಿ ಹೆಸರು ಪಡೆದಿದ್ದೇನೆ. ಆದರೆ ‘ನಮ್ಮನೆಗೆ ಯಾರೂ ಬಂದೇ ಇಲ್ಲ’ ಎಂದ ಮೇಲೆ ಕೊಡದೆ ಇರುವುದು ಹೇಗೆ? ಮೆತ್ತೆಯ ಕುರ್ಚಿ ಕೊಟ್ಟೆ, ಜಮಖಾನ ಕೊಟ್ಟೆ, ಹಬ್ಬಕ್ಕೆ ಮಾತ್ರ ಇಳಿಸುವ ಸ್ಟೀಲ್ ಲೋಟ ತಟ್ಟೆ ಕೊಟ್ಟೆ, ಟೇಬಲ್ ಫ್ಯಾನನ್ನು ನಾನೇ ಹೊತ್ತುಕೊಂಡು ಹೋಗಿ ಇಟ್ಟೆ. ಪಕ್ಕದ ಕೋಣೆಯ ರಮ್ಯ ತನ್ನ ಮಿಕ್ಸಿ ಕೊಟ್ಟಳು, ಟಿವಿಯನ್ನೂ ತಂದು ಜೋಡಿಸಿದಳು. ಸುನೀತಾ ತಾವು ಎಂದೂ ತಿನ್ನದ ರಸಬಾಳೆಯ ಚಿಪ್ಪೊಂದನ್ನು ತಂದು, ಹಣ್ಣನ್ನು ತಟ್ಟೆಯಲ್ಲಿ ಜೋಡಿಸಿ, ಮೇಲೆ ಕುನಿಯ ಕೈಗೆ ಸಿಗದಂತೆ ಇಟ್ಟಳು.

ನಿಮ್ಮವರು ಬಂದರು. ಕೂತರು. ಫ್ಯಾನಿನ ಗಾಳಿ ಸಾಲದೆಂದು ಅದನ್ನು ತಮ್ಮ ಕಡೆ ತಿರುಗಿಸಿಕೊಂಡರು. ರಸಬಾಳೆ ತಿಂದು ಸಿಪ್ಪೆಯನ್ನು ತಟ್ಟೆಗೇ ಹಾಕಿದರು. ಆಮೇಲೆ ಒಬ್ಬರು ಕುರ್ಚಿಯ ಕೈ ತಟ್ಟಿ ಕೇಳಿದರು: “ಇದೆಲ್ಲ ನಿಮ್ದೇನಮ್ಮ?”

“ಊಂ ಸಾ” ಎಂದಳು ಸುನೀತಾ.

ಬಾಗಿಲಲ್ಲಿ ನಿಂತಿದ್ದ ನಾನು ತುಟಿ ಪಿಟಕ್ಕೆನ್ನಲಿಲ್ಲ. ಹೆಣ್ಣು ನೋಡಲು ಬಂದವರು ಕೇಳಿದರೆ, ಕುರ್ಚಿ ಎದುರು ಮನೆಯದೆಂದು ಈ ಎರಡು ತಾಲ್ಲೂಕಿನಲ್ಲಿ ಯಾವ ತಾಯಿ ಹೇಳಿದ್ದಾಳೆ? ಎದುರು ಮನೆಯವಳು ತಾನೇ ಪಕ್ಕದಲ್ಲಿ ನಿಂತಿದ್ದರೂ ಹೇಳಿದ್ದಾಳೆಯೇ? ಬಂದವರೂ ಕೇಳುವುದಿಲ್ಲ, ಏಕೆಂದರೆ ಅವರ ಮನೆಯಲ್ಲೂ ಅದೇ ನಡೆದಿರುತ್ತದೆ. ನಿಮ್ಮ ಸಮೀಕ್ಷೆಯವರು ಪೆರುವಿನಿಂದ ಬಂದವರಲ್ಲ. ಒಬ್ಬರು ಹದಿನಾರು ಗ್ರಾಮದವರು, ಇನ್ನೊಬ್ಬರು ಇಲ್ಲೇ ತಗಡೂರಿನವರು. ಅವರ ಅಕ್ಕತಂಗಿಯರ ಮದುವೆ ಯಾರ ಯಾರ ಮನೆಯ ಚೊಂಬು ಲೋಟದಲ್ಲಿ ನಿಶ್ಚಯವಾಯಿತೆಂದು ಅವರಿಗೆ ತಿಳಿಯದೇ? ತಿಳಿದೂ ತಿಳಿಯದವರಂತೆ ಬರೆದುಕೊಂಡರು. ವರದಿಯಲ್ಲಿ ಈಗ ಏನಿದೆ ನೋಡಿ. ಪೀಠೋಪಕರಣ ಉಂಟು, ವಿದ್ಯುತ್ ಉಪಕರಣ ಉಂಟು, ‘ನಿಯಮಿತ ಹಣ್ಣು ಸೇವನೆ’ ಉಂಟು. ಹಣ್ಣು ಸೇವಿಸಿದವರು ಯಾರೆಂಬುದಷ್ಟೇ ಬಿಟ್ಟುಹೋಗಿದೆ.

ನಮ್ಮ ಬೀದಿಯಲ್ಲಿ ಪ್ರತಿ ಒಡಿಯಾ ಮನೆಯಲ್ಲೂ ಅಂದು ಇದೇ ನಡೆಯಿತು. ರಮ್ಯಳ ಟಿವಿಯೊಂದೇ ಎಷ್ಟು ಮನೆಗಳಲ್ಲಿ ಲೆಕ್ಕಕ್ಕೆ ಸಿಕ್ಕಿತೋ ಅವಳಿಗೇ ನೆನಪಿಲ್ಲ. ನಿಮ್ಮವರು ಒಂದು ಮನೆಯಲ್ಲಿ ಬರೆದುಕೊಳ್ಳುತ್ತಿರುವಾಗಲೇ ಇನ್ನೊಂದು ಮನೆಯವರು ಬಾಗಿಲಲ್ಲಿ ಕಾದು ನಿಂತಿರುತ್ತಿದ್ದರು. ಅದು ಕಣ್ಣಿಗೆ ಬೀಳಲಿಲ್ಲವೆಂದರೆ ಆ ಕಣ್ಣುಗಳನ್ನು ಇಟ್ಟುಕೊಂಡು ಸಮೀಕ್ಷೆಗೆ ಬರಬಾರದಿತ್ತು.

ಇನ್ನು ನಿಮ್ಮ ‘ಗಿಡ್ಡ ಕಂಬ’ದ ವಿಷಯ. ನನ್ನ ಅಣ್ಣನ ಮಗ ಮಹದೇವ ತಿ. ನರಸೀಪುರದ ಒಂದು ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿ. ಅಲ್ಲಿ ಸಮೀಕ್ಷೆ ಹೇಗೆ ನಡೆಯಿತೆಂದು ಅವನನ್ನೇ ಕೇಳಿದೆ.

“ಕೆಲ್ಸದ ಒತ್ತಲ್ಲೇ ಬಂದ್ರು ಕಣತ್ತೆ. ಎಲ್ರೂ ಮಣ್ಣೊಳ್ಗೆ ಇದ್ರು. ಗುಡಿಸ್ಲತ್ರಕ್ಕೂ ಓಗ್ನಿಲ್ಲ. ನಿಂತ್ಕಂಡೇ ಬರ್ಕಂಡು ಕಾರ್ ಅತ್ತುದ್ರು” ಎಂದ.

ಅಂದರೆ ಒಂದು ಕಡೆ ಭಾನುವಾರ, ಸ್ನಾನ ಮಾಡಿ ಬಾಚಿಕೊಂಡು ನೆಂಟರಿಗಾಗಿ ಕಾದು ಕೂತವರನ್ನು ನೋಡಿದಿರಿ. ಇನ್ನೊಂದು ಕಡೆ ಕೆಲಸದ ದಿನ, ಮೊಣಕಾಲುದ್ದ ಕೆಸರಿನಲ್ಲಿರುವವರನ್ನು ನೋಡಿದಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ‘ಆರ್ಥಿಕ ಯೋಗಕ್ಷೇಮದ ತುಲನೆ’ ಎಂದು ಹೆಸರಿಟ್ಟಿರಿ. ಗೂಡಿನ ಮಕ್ಕಳಿಗೆ ಕೇಂದ್ರ ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರಿಗೆ ಅದು ಎಂದೋ ಸಿಗಬೇಕಿತ್ತು. ನಾನು ಕೇಳುವುದು ಇಷ್ಟೇ. ಇಬ್ಬರು ಬಡವರಲ್ಲಿ ಯಾರು ಸ್ವಲ್ಪ ಕಡಿಮೆ ಬಡವರೆಂದು ಹುಡುಕಿ, ಅವರ ಕೈಯಿಂದ ಕಸಿದು ಇನ್ನೊಬ್ಬರಿಗೆ ಕೊಡುವುದಕ್ಕೆ ಇಷ್ಟು ದೊಡ್ಡ ಓದು, ಇಷ್ಟು ದೊಡ್ಡ ಸಂಬಳ, ಸಮುದ್ರದಾಚೆಯ ಪ್ರವಾಸ ಬೇಕಿತ್ತೇ? ಎರಡು ಕಡೆಯೂ ಕೇಂದ್ರ ಇರಲಿ ಎನ್ನುವ ಆಲೋಚನೆ ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಬರಲಿಲ್ಲವೇ?

ಕೇಂದ್ರಕ್ಕೆ ಬೀಗ ಬಿದ್ದ ವಾರವೇ ಸುನೀತಾಳನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ಕುರ್ಚಿ ನನ್ನದು, ಟಿವಿ ರಮ್ಯಳದು ಎಂದು ನಿಮ್ಮ ಮುಖಕ್ಕೇ ಹೇಳಿದೆ. ನೀವು ನಕ್ಕಿರಿ. “ನೋಡಿಮ್ಮ, ಹೋಲಿಕೆಯಲ್ಲಿ ನಿಮ್ಮ ನಂಜನಗೂಡಿನವರು ಮುಂದಿದ್ದಾರೆ. ಸಂತೋಷಪಡಬೇಕಾದ ವಿಷಯ. ಸುಳ್ಳು ಮಾಹಿತಿ ಕೊಟ್ಟಿದ್ದೇವೆ ಅಂತ ಬರೆದುಕೊಟ್ಟರೆ ಅವರ ಮೇಲೇ ಕ್ರಮ ಆಗುತ್ತೆ, ಯೋಚನೆ ಮಾಡಿ” ಎಂದಿರಿ. ಸುನೀತಾ ಆ ಮಾತಿಗೆ ಹೆದರಿ ನನ್ನ ಸೆರಗು ಜಗ್ಗಿದಳು. ನಾವು ಎದ್ದು ಬಂದೆವು. ಅಂದು ನಾನು ಸುಮ್ಮನೆ ಎದ್ದು ಬಂದದ್ದೇ ನಿಮ್ಮ ಅದೃಷ್ಟ, ಅದು ಇನ್ನೊಮ್ಮೆ ಬರುವುದಿಲ್ಲ.

ಸುಳ್ಳಿನ ಮಾತನ್ನು ನೀವೇ ಎತ್ತಿದ್ದರಿಂದ ಕೇಳುತ್ತೇನೆ. ಮೇಲಿನವರು ನಿಮ್ಮ ಕಚೇರಿ ನೋಡಲು ಬಂದ ದಿನ ಮೆಟ್ಟಿಲಿನ ಇಕ್ಕೆಲಗಳಲ್ಲಿ ಹೂಕುಂಡಗಳಿದ್ದವಲ್ಲ, ಅವು ಯಾರವು? ನಿಮ್ಮ ಕೊಠಡಿಗೆ ಬಂದ ಸೋಫಾ ಯಾವ ಇಲಾಖೆಯದು? ಸಂಜೆ ಶಾಮಿಯಾನದವನು ಕುಂಡಗಳನ್ನು ಟೆಂಪೋಗೆ ತುಂಬುವಾಗ ನಾನು ಎದುರಿನ ಬಸ್‌ಸ್ಟಾಪಿನಲ್ಲೇ ಇದ್ದೆ. ನಿಮ್ಮ ಮೇಲೆ ಯಾವ ಕ್ರಮವಾಯಿತು? ಕಚೇರಿಯ ‘ಸ್ವಚ್ಛ ಪರಿಸರ’ಕ್ಕೆ ಪ್ರಶಂಸಾಪತ್ರ ಬಂತು, ಅದನ್ನು ಗೋಡೆಗೆ ಹಾಕಿಕೊಂಡಿದ್ದೀರಿ. ನೀವು ಮಾಡಿದರೆ ಅತಿಥಿ ಸತ್ಕಾರ, ಸುನೀತಾ ಮಾಡಿದರೆ ಸುಳ್ಳು ಮಾಹಿತಿ.

ಆಮೇಲೆ ಆದದ್ದನ್ನು ಹೇಳುತ್ತೇನೆ. ನೀವು ಓದಲೇಬೇಕು. ಸುನೀತಾ ಕೆಲಸಕ್ಕೆ ಹೊರಡುವುದಕ್ಕೂ ಅವಳ ಗಂಡ ಪಾಳಿ ಮುಗಿಸಿ ಬರುವುದಕ್ಕೂ ನಡುವೆ ಒಂದಿಷ್ಟು ಹೊತ್ತು ಕುನಿಯನ್ನು ಒಳಗೆ ಬಿಟ್ಟು, ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದಳು. ಬೇರೆ ದಾರಿ ಇರಲಿಲ್ಲ. ಆ ದಿನ ಆಗಷ್ಟೇ ಅನ್ನ ಬಸಿದ ಸುಡುವ ಗಂಜಿಯ ಪಾತ್ರೆ ನೆಲದ ಮೇಲಿತ್ತು. ಕೂಸು ಅದನ್ನು ಎಳೆದುಕೊಂಡಿತು. ರಾತ್ರಿ ಪಾಳಿ ಮುಗಿಸಿ ಮಲಗಿದ್ದ ರಮ್ಯ ಕಿರುಚಾಟಕ್ಕೆ ಎದ್ದು ಓಡಿ ಚಿಲಕ ತೆಗೆದಳು. ನಾನು ಕೋರ್ಟಿನ ಎದುರು ಯಾರದೋ ವಿಭಾಗಪತ್ರ ಹೊಡೆಯುತ್ತಿದ್ದೆ. ಮೈಸೂರಿನ ಆಸ್ಪತ್ರೆಯಲ್ಲಿ ಕಾಲು ಉಳಿಸಿಕೊಟ್ಟಿದ್ದಾರೆ. ಮಂಡಿಯ ಹಿಂದೆ ಚರ್ಮ ಬಿಗಿದುಕೊಂಡಿದೆ, ಇನ್ನೂ ಆಪರೇಷನ್ ಆಗಬೇಕು ಎನ್ನುತ್ತಾರೆ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಸುನೀತಾ ನನ್ನನ್ನು ಕೇಳಿದಳು. “ಅಕ್ಕ, ಕುರ್ಚಿ ನಮ್ದೇ ಅಂತ ಸುಳ್ಳೇಳ್ದೆನಲ್ಲ, ಅದ್ಕೇ ದೇವ್ರು ಇಂಗ್ ಮಾಡುದ್ನಾ?”

ಮಾನ್ಯರೇ, ಕಾಲು ಸುಟ್ಟದ್ದನ್ನು ನಾನು ಎಂದಾದರೂ ಮರೆಯಬಹುದೇನೋ. ಈ ಪ್ರಶ್ನೆಯನ್ನು ಮರೆಯುವುದಿಲ್ಲ, ನಿಮಗೂ ಮರೆಯಲು ಬಿಡುವುದಿಲ್ಲ. ಆ ಹೆಂಗಸು ಈಗ ತನ್ನ ಮಗಳ ಮುಖ ನೋಡಲು ನಾಚುತ್ತಾಳೆ. ನೀವು ಮಾಡಿದ ಪಾಪವನ್ನು ತನ್ನದೆಂದು ಹೊತ್ತುಕೊಂಡು ತಿರುಗುತ್ತಾಳೆ. ಅದನ್ನು ಅವಳ ತಲೆಯಿಂದ ಇಳಿಸಿ ನಿಮ್ಮ ತಲೆಗೆ ಹೊರಿಸುವವರೆಗೆ ನನಗೆ ಬೇರೆ ಕೆಲಸವಿಲ್ಲ. ನೀವು ನಿದ್ದೆಗೆಡಬೇಕು. ನಿವೃತ್ತಿಯ ದಿನ ಹಾರ ಹಾಕಿಸಿಕೊಳ್ಳುವಾಗಲೂ ಕುನಿಯ ಹೆಸರು ಯಾರಾದರೂ ಎತ್ತಬೇಕು. ಇದು ಸೇಡೇ ಎಂದು ಕೇಳಿದರೆ, ಹೌದು, ಸೇಡೇ.

ಆರಂಭವೂ ಆಗಿದೆ. ನಿಮ್ಮ ಕಚೇರಿಯ ವಿರುದ್ಧ ದೂರು ಬರೆಸಲು ಯಾರೇ ಬರಲಿ, ನನ್ನಲ್ಲಿ ಟೈಪಿಂಗ್ ಉಚಿತ ಎಂದು ಬೋರ್ಡ್ ಹಾಕಿದ್ದೇನೆ. ಇಷ್ಟು ದಿನ ನಿಮಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದವರು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ತಿ. ನರಸೀಪುರದಿಂದಲೂ ಬಂದಿದ್ದಾರೆ, ನೀವು ಉದ್ಧಾರ ಮಾಡಿದ ಗೂಡಿನ ಕೇಂದ್ರಕ್ಕೆ ಹಾಲಿನ ಪುಡಿಯೇ ಬರುತ್ತಿಲ್ಲವಂತೆ. ಒಂದೊಂದು ದೂರಿನ ಪ್ರತಿಯೂ ನಿಮ್ಮ ಮೇಲಿನವರಿಗೆ, ಅವರ ಮೇಲಿನವರಿಗೆ, ಪತ್ರಿಕೆಗಳಿಗೆ ಹೋಗುತ್ತಿದೆ. ನನ್ನ ಅಕ್ಷರದಲ್ಲಿ ತಪ್ಪು ಹುಡುಕಿ ವಾಪಸ್ ಕಳಿಸುವ ಆಸೆಯನ್ನು ಈಗಲೇ ಬಿಡಿ.

ನನ್ನ ಬೇಡಿಕೆ ಹೇಳುತ್ತೇನೆ. ನಮ್ಮ ಬೀದಿಯ ಕೇಂದ್ರದ ಬೀಗ ತೆಗೆಯಿರಿ, ತಿ. ನರಸೀಪುರದ್ದನ್ನು ಮುಟ್ಟಬೇಡಿ. ವರದಿಯನ್ನು ಹಿಂಪಡೆದು, ಅದು ತಪ್ಪೆಂದು ಬಿಡುಗಡೆ ಮಾಡಿದ ಅದೇ ಸಭಾಂಗಣದಲ್ಲಿ ಹೇಳಿ. ಆಮೇಲೆ ಸುನೀತಾಳ ಕೋಣೆಗೆ ಬಂದು, ಚಾಪೆಯ ಮೇಲೆ ಕೂತು, ‘ನಿನ್ನ ತಪ್ಪಲ್ಲಮ್ಮ, ನನ್ನದು’ ಎಂದು ಅವಳಿಗೆ ಕೇಳುವಂತೆ ಹೇಳಿ. ಕಾಗದದಲ್ಲಿ ಬರೆದು ಕಳಿಸಿದರೆ ಒಪ್ಪುವುದಿಲ್ಲ.

ಸೋಮವಾರದೊಳಗೆ ಇದು ಆಗದಿದ್ದರೆ ನಿಮ್ಮ ಕಚೇರಿಯೇ ನಮ್ಮ ಶಿಶುಪಾಲನಾ ಕೇಂದ್ರ. “ನಾ ಬತ್ತೀನಿ ಕಣವ್ವ, ಆ ಐಕಳ ಸಾಕಿದ್ದೇ ನಾನು” ಎಂದು ಮಂಚಮ್ಮ ಒಪ್ಪಿದ್ದಾಳೆ. ಬೀದಿಯ ಮಕ್ಕಳೆಲ್ಲ ಬೆಳಿಗ್ಗೆ ಬಂದು ನಿಮ್ಮ ಕೊಠಡಿಯಲ್ಲಿ ಆಡುತ್ತಾರೆ, ಉಣ್ಣುತ್ತಾರೆ, ಮಲಗುತ್ತಾರೆ. ಪೊಲೀಸರನ್ನು ಕರೆಯುವುದಾದರೆ ಕರೆಯಿರಿ, ಆ ಮಕ್ಕಳನ್ನು ಯಾವ ಮನೆಗೆ ಬಿಟ್ಟು ಬರಬೇಕೆಂದು ಅವರಿಗೆ ನೀವೇ ಹೇಳಬೇಕಾಗುತ್ತದೆ. ಕುನಿಯನ್ನು ನಾನೇ ಎತ್ತಿಕೊಂಡು ಬರುತ್ತೇನೆ. ಅವಳಿಗೆ ಇನ್ನೂ ನಿಲ್ಲಲಾಗುತ್ತಿಲ್ಲ, ಆದ್ದರಿಂದ ನಿಮ್ಮ ಮೇಜಿನ ಮೇಲೆ, ನಿಮಗೆ ಎದುರಾಗಿ ಕೂರಿಸುತ್ತೇನೆ.

ಇಂತಿ,
ಇದೇ ಊರಿನಲ್ಲಿ ಹುಟ್ಟಿದ ಒಂದೇ ಕಾರಣಕ್ಕೆ ನಿಮ್ಮ ಸಮೀಕ್ಷೆಯಿಂದ ಪಾರಾದ
ಪುಟ್ಟಬಸಮ್ಮ
ನಂಜನಗೂಡು