ಜಡೆಯಣ್ಣ ಬೀಳಬೇಕಾದ ಭಾನುವಾರ

ಮಂಗಳವಾರ, ಊಟದ ಬಿಡುವಿನಲ್ಲಿ

ಮೊಂಡೀ,

ಅಪ್ಪ ಕರೆಯುತ್ತಿದ್ದ ಹೆಸರಿನಲ್ಲೇ ಕರೆದಿದ್ದೇನೆ, ಮುಖ ಊದಿಸಿಕೊಳ್ಳಬೇಡ. ಫೋನಿರುವಾಗ ಅಮ್ಮ ಕಾಗದ ಯಾಕೆ ಬರೆದಳು ಅಂತ ನಿನಗೆ ಅನ್ನಿಸಿರುತ್ತದೆ. ಫೋನಿನಲ್ಲಿ ನಾನು ಒಂದು ಮಾತು ಎತ್ತುವಷ್ಟರಲ್ಲಿ ನೀನು ಹತ್ತು ಆಡಿ ಮುಗಿಸುತ್ತೀಯ, ನಾನು ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೇನೆ. ಮೊನ್ನೆಯೂ ಹಾಗೇ ಆಯಿತು. ನೀನು ಅಷ್ಟು ಸಂತೋಷದಲ್ಲಿದ್ದೆ. ಅಪ್ಪ ಹೋದ ಮೇಲೆ ನಿನ್ನ ದನಿ ಅಷ್ಟು ಏರಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿತು. ಅದನ್ನು ಒರೆಸುತ್ತಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನೀನು ಹೇಳಿದ್ದು ನನಗೆ ಸರಿಯಾಗಿ ತಿಳಿದಿದೆಯಾ ನೋಡು. ನಾನು ಬಟ್ಟೆ ಹೊಲಿಯುವ ಈ ಧಾರಾವಾಹಿ ಭಾನುವಾರಕ್ಕೆ ಮುಗಿಯುತ್ತದೆ. ಕಥೆಯಲ್ಲಿ ಹೆಂಗಸರ ಜೂಡೊ ತಂಡವನ್ನು ಮುಚ್ಚಿಬಿಟ್ಟಿದ್ದಾರೆ, ನಾಯಕಿ ಗಂಡಸರ ಪಂದ್ಯಕ್ಕೆ ನುಗ್ಗಿ ಒಬ್ಬೊಬ್ಬರನ್ನೇ ಎತ್ತಿ ಎಸೆದು ಗೆಲ್ಲುತ್ತಾಳೆ. ಆ ಕಂತು ಮುಗಿದ ಕೂಡಲೇ ಸ್ಟುಡಿಯೋದಲ್ಲಿ ಒಂದು ನಿಜವಾದ ಪಂದ್ಯ. ನಿಜವಾದ ಹುಡುಗಿ, ನಿಜವಾದ ಗಂಡಸು. ಹುಡುಗಿ ನೀನು. ಹುಡುಗರಿಗೆ ಬೇಕು ಅಂತ ನಿಮ್ಮಿಂದ ಕಿತ್ತುಕೊಂಡರಲ್ಲ ಆ ಜೂಡೊ ಹಾಲ್, ನೀನು ಗೆದ್ದರೆ ಅದಕ್ಕೆ ಬದಲಾಗಿ ನಿಮ್ಮ ಕ್ರೀಡಾ ಹಾಸ್ಟೆಲಿನ ಹುಡುಗಿಯರಿಗೆ ಚಾನೆಲ್‌ನವರು ಹೊಸ ಹಾಲ್, ಹೊಸ ಮ್ಯಾಟು ಮಾಡಿಸಿಕೊಡುತ್ತಾರೆ. "ಅಪ್ಪ ಇದ್ದಿದ್ರೆ ಹೋಗು ಅಂತಿದ್ರು" ಅಂದೆ.

ಅಪ್ಪನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಕೆಲಸದ ಒಂದು ಸಂಗತಿ. ಹೊರಗೆ ಆಡಬಾರದು ಅಂತ ಸೇರುವಾಗಲೇ ಹೇಳಿದ್ದರು, ಅದಕ್ಕೇ ನಿನಗೂ ಹೇಳಿರಲಿಲ್ಲ. ನಾಯಕಿಯ ಪ್ರತಿಯೊಂದು ಉಡುಪನ್ನೂ ನಾನು ಎರಡು ಹೊಲಿಯುತ್ತೇನೆ. ಒಂದು ಅವಳ ಅಳತೆಗೆ. ಇನ್ನೊಂದು, ಹೊಡೆದಾಟ ಬಂದಾಗ ಅವಳ ಬದಲು ನಿಲ್ಲುವವರ ಅಳತೆಗೆ. ಡೂಪ್ ಇರುತ್ತಾರೆ ಅಂತ ನಿನಗೂ ಗೊತ್ತು, ಆದರೆ ಅವಳೂ ಯಾವುದೋ ಗಟ್ಟಿಗಿತ್ತಿ ಅಂದುಕೊಂಡಿದ್ದೀಯ. ಅಲ್ಲ ಕಣೇ, ಅವನು ಗಂಡಸು. ಹಿಂದೊಮ್ಮೆ ಜೂಡೊದಲ್ಲಿ ಪದಕ ಗೆದ್ದವನು. ಹೆಂಗಸಿನ ನಡು ಕಾಣಲಿ ಅಂತ ಅವನ ಅಂಗಿಗೆ ಸೊಂಟದ ಎರಡೂ ಕಡೆ ಸ್ಪಂಜು ಇಟ್ಟು ಹೊಲಿಯುತ್ತೇನೆ. ಮೇಲಿಂದ ಎಳೆಯುವ ತಂತಿ ಸಿಕ್ಕಿಸಲು ಬೆನ್ನಿನಲ್ಲಿ ಒಂದು ಸೀಳು ಬಿಡುತ್ತೇನೆ. ತಲೆಗೆ ನಾಯಕಿಯ ಉದ್ದ ಜಡೆ. ಅದಕ್ಕೇ ಸೆಟ್ಟಿನಲ್ಲಿ ಎಲ್ಲರಿಗೂ ಅವನು ಜಡೆಯಣ್ಣ. "ಜಡೆಯಣ್ಣಾ, ಹೊತ್ತು ಮುಳುಗಿತು, ಒಬ್ಬಳೇ ಓಡಾಡ್ಬೇಡವೇ" ಅಂತ ಲೈಟಿನವರು ರೇಗಿಸಿದರೆ, "ನಿಮ್ಮನೆಗೇ ಸೊಸೆಯಾಗಿ ಬರ್ತೀನಿ ಇರಿ ಮಾವಾ, ಆಗ ಗೊತ್ತಾಗುತ್ತೆ" ಅನ್ನುತ್ತಾನೆ. ಯಾರ ತಂಟೆಗೂ ಹೋಗದ ಪ್ರಾಣಿ.

ನೀನು ಹಾಸ್ಟೆಲಿನ ಹುಡುಗಿಯರನ್ನೆಲ್ಲ ಕೂರಿಸಿಕೊಂಡು ನೋಡಿ ಚಪ್ಪಾಳೆ ತಟ್ಟಿದ ಪಟ್ಟುಗಳೆಲ್ಲ ಅವನವು. ಎದುರಿಗೆ ಬೀಳುವವರೂ ತಾವಾಗಿ ಹಾರಿ ಬೀಳುವವರೇ.

ನಿನ್ನೆ ಭಾನುವಾರದ ಪಂದ್ಯಕ್ಕೆ ಎರಡು ಜೂಡೊ ಅಂಗಿ ಹೊಲಿಯಬೇಕು ಅಂತ ಚೀಟಿ ಬಂತು. ಹುಡುಗಿಯ ಅಳತೆಯಲ್ಲಿ ತೋಳಿನ ಉದ್ದ ತಪ್ಪಾಗಿತ್ತು, ನನಗೆ ಗೊತ್ತಿದ್ದ ಉದ್ದಕ್ಕೇ ಕತ್ತರಿಸಿದೆ. ಆ ಹುಡುಗಿ ನನ್ನ ಮಗಳು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ, ಹೇಳುವುದಕ್ಕೆ ಬಾಯಿಯೂ ಬರಲಿಲ್ಲ. ಗಂಡಸಿನ ಅಂಗಿಗೆ ಅಳತೆ ಕೊಡಲು ಬಂದವನು ನೋಡಿದರೆ ನಮ್ಮ ಜಡೆಯಣ್ಣ. "ಏನಪ್ಪಾ, ಈ ಸಲ ಸ್ಪಂಜು ಬೇಡ್ವಾ?" ಅಂದೆ.

"ಬೇಡ ಟೇಲರಮ್ಮ. ಇಷ್ಟು ದಿನ ಹೆಂಗಸಾಗಿ ಗೆದ್ದಿದ್ದೇ ಬಂತು. ಈ ಸಲ ಗಂಡಸಾಗಿ ಸೋಲ್ಬೇಕಂತೆ" ಅಂದ.

ನನ್ನ ಕೈಯಲ್ಲಿದ್ದ ಟೇಪು ಅಲ್ಲೇ ನಿಂತಿತು. ಸೋಲುವುದು ಅಂದರೆ ಏನು ಅಂತ ಕೇಳಿದೆ. ಮೊದಲು ಸ್ವಲ್ಪ ಹೊತ್ತು ಹೋರಾಡಿದ ಹಾಗೆ ಮಾಡಬೇಕಂತೆ, ಆಮೇಲೆ ಹುಡುಗಿ ಸೊಂಟ ಕೊಟ್ಟು ಎತ್ತಲು ಬಂದಾಗ ತಾನೇ ಹಾರಿ ಅಂಗಾತ ಬೀಳಬೇಕಂತೆ. "ಆ ಹುಡುಗಿಗೂ ಹೇಳಿದಾರೇನು?" ಅಂದೆ. ಅವನ ಮುಖ ಸಣ್ಣದಾಯಿತು. "ಅದೇ ಟೇಲರಮ್ಮ, ನನಗೆ ನಿದ್ದೆ ಬರದ ಹಾಗಾಗಿರೋದು. ಹೇಳಿಲ್ವಂತೆ. ಹೇಳಿದ್ರೆ ಅವಳ ಮುಖದಲ್ಲಿ ಗೆದ್ದ ಕಳೆ ಬರಲ್ಲ ಅಂತಾರೆ. ಅವಳು ನಿಜವಾಗಿ ಎಳೀತಾಳೆ, ನಾನು ಸುಳ್ಳು ಸುಳ್ಳೇ ಹಾರ್ತೀನಿ. ಒಂದು ಕ್ಷಣ ಹೆಚ್ಚುಕಮ್ಮಿ ಆದ್ರೆ ನನ್ನ ಮೈಭಾರ ಅಷ್ಟೂ ಅವಳ ಮಂಡಿ ಮೇಲೆ. ನನ್ನ ಆಟ ನಿಂತಿದ್ದೂ ಹಂಗೇ" ಅಂದ.

ಮಂಡಿ ಅನ್ನುವ ಆ ಒಂದು ಮಾತು ನಿನ್ನೆಯಿಂದ ನನ್ನ ತಲೆಯಲ್ಲಿ ಮಿಷನ್ನಿನ ಹಾಗೆ ಓಡುತ್ತಿದೆ. ಮುಂದಿನ ತಿಂಗಳು ನಿನ್ನ ಆಯ್ಕೆ ಪಂದ್ಯ ಇದೆ. ಅದು ನಿಜವಾದದ್ದು, ನಿನ್ನ ತೂಕದ ಹುಡುಗಿಯರ ಜೊತೆ. ಅದಕ್ಕಾಗಿ ನೀನು ಅಪ್ಪನ ಕಾರ್ಯ ಮುಗಿದ ಮರುದಿನವೇ ಬಸ್ಸು ಹತ್ತಿದ್ದೆ.

ಅಳತೆಯನ್ನಂತೂ ತೆಗೆದುಕೊಂಡೆ. ನಿನಗೂ ಅವನಿಗೂ ಎತ್ತರ ಒಂದೇ. ತೋಳು ಹೆಚ್ಚುಕಡಿಮೆ ಒಂದೇ. ಕುತ್ತಿಗೆಗೆ ಟೇಪು ಸುತ್ತಿದೆ, ಭುಜಕ್ಕೆ ಅಡ್ಡ ಹಿಡಿದೆ, ಅಲ್ಲಿ ನೀವಿಬ್ಬರೂ ಬೇರೆಬೇರೆ. ಅವನು ಅಭ್ಯಾಸ ಬಿಟ್ಟು ವರ್ಷಗಳಾಗಿವೆ, ಬಿಡುವು ಸಿಕ್ಕರೆ ಹಿತ್ತಲ ಬಾಗಿಲಲ್ಲಿ ಸಿಗರೇಟು ಹಚ್ಚುತ್ತಾನೆ. ನೀನು ಬೆಳಕು ಹರಿಯುವ ಮೊದಲೇ ಓಡುವವಳು. ಆದರೂ ಕುತ್ತಿಗೆ, ಭುಜ ಎರಡರಲ್ಲೂ ಅವನದೇ ದೊಡ್ಡದು. ಇದನ್ನು ಬರೆಯುವುದಕ್ಕೆ ನನಗೆ ಇಷ್ಟವಿಲ್ಲ. ಬರೆಯದಿದ್ದರೆ ಟೇಪು ಸುಳ್ಳು ಹೇಳಿದ ಹಾಗಾಗುತ್ತದೆ.

ಬೆಲ್ಲು ಹೊಡೆಯಿತು. ನಾಳೆ ಮುಂದುವರಿಸುತ್ತೇನೆ.

ಬುಧವಾರ, ಸಂಜೆ

ಇವತ್ತು ಬೆರಳಿಗೆ ಮೂರು ಸಲ ಸೂಜಿ ಚುಚ್ಚಿಕೊಂಡೆ. ನಿನ್ನ ಅಂಗಿ ಬಿಳಿ, ಕಲೆಯಾಗುತ್ತದೆ ಅಂತ ಪಕ್ಕಕ್ಕಿಟ್ಟೆ.

ಸಂಭಾಷಣೆ ಬರೆಯುವ ಹುಡುಗಿ ಅಂತ ಒಬ್ಬಳಿದ್ದಾಳೆ, ನಿನಗಿಂತ ಸ್ವಲ್ಪ ದೊಡ್ಡವಳು, ಕಿತ್ತುಹೋದ ಗುಂಡಿ ಹಾಕಿಸಿಕೊಳ್ಳಲು ನನ್ನ ಕೋಣೆಗೆ ಬರುತ್ತಾಳೆ. ಧೈರ್ಯ ಮಾಡಿ ಅವಳನ್ನು ಕೇಳಿದೆ. "ಹೆಣ್ಣು ಗಂಡಿಗೆ ಸಮ ಅಂತ ತೋರಿಸ್ತೀರಲ್ಲ, ಮತ್ತೆ ಅವಳ ಅಂಗಿಯೊಳಗೆ ಗಂಡಸನ್ನ ಯಾಕಮ್ಮ ತುಂಬಿಸ್ತೀರಾ?" ಅವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಇಸ್ತ್ರಿ ಮೇಜಿನ ಮೇಲೆ ಹತ್ತಿ ಕೂತಳು. "ಹುಡುಗೀರು ಹುಡುಗೀರೇ ಆಡೋ ಕಂತು ಎರಡು ಸಲ ಬರೆದೆ ಆಂಟಿ. ಇದನ್ನ ಯಾರು ನೋಡ್ತಾರೆ ಅಂತ ವಾಪಸ್ ಕಳಿಸಿದ್ರು. ಗಂಡಸನ್ನ ಬೀಳಿಸಿದ್ರೆ ಮಾತ್ರ ಅವಳು ಗೆದ್ದ ಹಾಗೆ ಇವರಿಗೆ" ಅಂದಳು. ನಾನು ಹಾಕಿಕೊಟ್ಟ ಗುಂಡಿಯನ್ನು ಎಳೆದು ನೋಡುತ್ತಾ, "ಆದ್ರೂ ಒಂದು ಹೇಳ್ತೀನಿ. ಈ ಸುಳ್ಳನ್ನ ನೋಡಿಯೇ ಎಷ್ಟು ಹುಡುಗೀರು ಮ್ಯಾಟ್ ಹತ್ತಿದಾರೆ ಗೊತ್ತಾ? ನಿಜ ತೋರಿಸಿದ್ರೆ ಹತ್ತುತಿದ್ರಾ?" ಅಂದಳು.

ಅವಳು ಹೇಳಿದ್ದು ಸುಳ್ಳಲ್ಲ. ಅಪ್ಪ ಶಾಲೆಯಲ್ಲಿ ಜೂಡೊ ಕಲಿಸುತ್ತಿದ್ದ ಹಾಲ್‌ಗೂ ಈ ಧಾರಾವಾಹಿ ನೋಡಿ ಹುಡುಗಿಯರು ಬಂದಿದ್ದರು. ಅಪ್ಪ ಅವರಿಗೆ ಮೊದಲ ವಾರವೆಲ್ಲ ಬೀಳುವುದನ್ನೇ ಕಲಿಸಿದರು, ಅರ್ಧದಷ್ಟು ಜನ ಓಡಿಹೋದರು. ಉಳಿದ ಅರ್ಧ ಈಗಲೂ ದಾರಿಯಲ್ಲಿ ಸಿಕ್ಕರೆ, ಹಾಲ್ ಯಾವಾಗ ತೆಗೆಯುತ್ತಾರೆ ಆಂಟಿ ಅಂತ ಕೇಳುತ್ತವೆ. ಅದರ ಬೀಗದಕೈ ಇನ್ನೂ ನನ್ನ ಹತ್ತಿರವೇ ಇದೆ. ಶಾಲೆಯವರು ವಾಪಸ್ ಕೊಡಿ ಅನ್ನುತ್ತಾರೆ, ನಾನು ನಾಳೆ ಅನ್ನುತ್ತೇನೆ.

ಹುಡುಗಿಯರು ಹುಡುಗಿಯರೇ ಆಡುವುದನ್ನು ಯಾರು ನೋಡುತ್ತಾರೆ ಅನ್ನುತ್ತಾರಲ್ಲ, ನಾನು ನೋಡುತ್ತೇನೆ. ಹೋದ ವರ್ಷದ ನಿನ್ನ ಫೈನಲ್ ನೆನಪಿದೆಯಾ? ಆ ಚಿಕ್ಕ ಕಣ್ಣಿನ ಹುಡುಗಿ, ನೀನು, ಇಬ್ಬರೂ ಕಾಲರ್ ಹಿಡಿದು ಅಲ್ಲಾಡದೆ ನಿಂತಿರಿ. ಗುಡಿಸುವವಳು ಪೊರಕೆ ಹಿಡಿದು ಕಾಯುತ್ತಾ ನಿಂತವಳು ಕೊನೆಗೆ ಪೊರಕೆ ಮರೆತು ನೋಡುತ್ತಿದ್ದಳು. ಅಪ್ಪ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರು ಅಂದರೆ ಬಳೆ ಒತ್ತಿ ಕೆಂಪಾಗಿತ್ತು. ನೀನು ಸೋತೆ. ಅಂಥ ಒಂದು ಪಂದ್ಯ ಈ ಧಾರಾವಾಹಿಯಲ್ಲಿ ಒಂದೇ ಒಂದು ದಿನ ಬರಲಿಲ್ಲ. ಇದರಲ್ಲಿ ಹೆಂಗಸರಿಬ್ಬರು ಕೈ ಮಾಡುವುದು ಅಂದರೆ ಅತ್ತಿಗೆ ನಾದಿನಿ ಕೂದಲು ಹಿಡಿದು ಎಳೆದಾಡುವುದು ಮಾತ್ರ.

ಈಗ ಅಪ್ಪನ ಮಾತು. ಚಿಕ್ಕವಳಿದ್ದಾಗ ಎದುರುಮನೆ ಹುಡುಗನನ್ನು ನೀನು ದಿನಾ ಎತ್ತಿ ಹಾಕುತ್ತಿದ್ದೆ, ಅವನು ಅಳುತ್ತಾ ಮನೆಗೆ ಹೋಗುತ್ತಿದ್ದ. ಒಂದು ಬೇಸಿಗೆ ರಜೆ ಕಳೆದು ಬಂದವನ ದನಿ ಒಡೆದಿತ್ತು. ಅವತ್ತು ಅವನು ನಿನ್ನನ್ನು ಮ್ಯಾಟಿಗೆ ಒತ್ತಿ ಹಿಡಿದ, ನಿನಗೆ ಏಳಲಾಗಲಿಲ್ಲ. ನೀನು ಮನೆಗೆ ಓಡಿಬಂದು ಬಚ್ಚಲಮನೆಗೆ ಹೋಗಿ ಚಿಲಕ ಹಾಕಿಕೊಂಡೆ. ಬಾಗಿಲಾಚೆ ನಿಂತು ಅಪ್ಪ ಹೇಳಿದ್ದು ನನಗೆ ಅಡುಗೆಮನೆಗೆ ಕೇಳಿಸಿತ್ತು. "ಅವನು ಬೆಳೆದ ಕಣೇ ಮೊಂಡಿ, ಅಷ್ಟೇ. ನೀನು ಕಲಿತಿದ್ದು ಎಲ್ಲೂ ಹೋಗಿಲ್ಲ." ನೀವೂ ಹುಡುಗರ ಕಡೇನೇ ಅಂತ ನೀನು ಒಳಗಿಂದ ಕಿರುಚಿದೆ. ಆಮೇಲೂ ಅವರು ನಿನಗೆ ಹುಡುಗರ ಜೊತೆ ಅಭ್ಯಾಸ ಮಾಡಿಸಿದರು, ನಿಲ್ಲಿಸಲಿಲ್ಲ. ಆದರೆ ಯಾರು ಯಾವ ಪಟ್ಟು ಹಾಕುತ್ತಾರೆ ಅಂತ ಮೊದಲು ಬಾಯಿಬಿಟ್ಟು ಹೇಳಿಯೇ ಹಾಕಬೇಕಿತ್ತು.

ಹಾಗಾದರೆ ಭಾನುವಾರ ಹೋಗು ಅನ್ನುತ್ತಿದ್ದರಾ? ನನಗೆ ಗೊತ್ತಿಲ್ಲ. ಕೇಳೋಣ ಅಂದರೆ ಆ ಮನುಷ್ಯರಿಲ್ಲ. ಅವರ ಬದಲು ಮಾತಾಡಲು ನಿನಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಎದುರಿನವನು ಬೀಳಲಿಕ್ಕೇ ಬಂದಿದ್ದಾನೆ ಅನ್ನುವುದನ್ನು ಮುಚ್ಚಿಟ್ಟು ಅವರು ನಿನ್ನನ್ನು ಮ್ಯಾಟಿಗೆ ಕಳಿಸುತ್ತಿರಲಿಲ್ಲ. ಅಷ್ಟು ಮಾತ್ರ ಗೊತ್ತು. ಅದಕ್ಕೇ ಹೇಳಿದೆ.

ನೀನು ಒಲ್ಲೆ ಅಂದರೆ ಹೊಸ ಹಾಲ್ ಕೈತಪ್ಪುತ್ತದೆ, ಹುಡುಗಿಯರ ಮುಖ ನೋಡುವವಳು ನೀನೇ. ಒಪ್ಪಿದರೆ ಊರೆಲ್ಲ ಚಪ್ಪಾಳೆ ತಟ್ಟುತ್ತದೆ. ಆ ಚಪ್ಪಾಳೆ ಯಾರಿಗೆ ಅಂತ ಗೊತ್ತಿರುವವರು ನಾವು ನಾಲ್ಕೈದು ಜನ, ಅದರಲ್ಲಿ ಈಗ ನೀನೂ ಒಬ್ಬಳು. ಬೀಳುವುದು ಬೇಡ, ನಿಜವಾಗಿಯೇ ಆಡಲಿ ಅಂತ ನೀನು ಹಟ ಹಿಡಿಯುತ್ತೀಯ ಅಂತಲೂ ನನಗೆ ಗೊತ್ತು. ಆಗ ಟೇಪು ಹೇಳಿದ್ದೇ ಆಗುತ್ತದೆ, ಅದನ್ನು ಎಲ್ಲರೂ ನೋಡುತ್ತಾರೆ, ಹುಡುಗಿಯರ ಕೈಲಿ ಏನಾಗುತ್ತೆ ಬಿಡಿ ಅನ್ನುತ್ತಾರೆ.

ಬರಬೇಡ ಅಂತ ನಾನು ಹೇಳುವುದಿಲ್ಲ. ನಿನ್ನ ಆಟ, ನಿನ್ನ ತೀರ್ಮಾನ.

ಮೇಲಿನ ಸಾಲನ್ನು ಬರೆದು, ಎದ್ದು ಹೋಗಿ ನೀರು ಕುಡಿದು ಬಂದೆ. ಅದು ಸುಳ್ಳು. ಬರಬೇಡ. ಮನೆಯಲ್ಲಿ ಒಬ್ಬರು ಕಡಿಮೆಯಾಗಿದ್ದಾರೆ, ನೀನು ಕಾಲಿಗೆ ಪಟ್ಟಿ ಸುತ್ತಿಕೊಂಡು ಬರುವುದನ್ನು ನೋಡುವ ಶಕ್ತಿ ನನಗಿಲ್ಲ. ಎರಡನ್ನೂ ಹೊಡೆದುಹಾಕದೆ ಬಿಟ್ಟಿದ್ದೇನೆ. ಯಾವುದನ್ನು ಓದಬೇಕೋ ನೀನೇ ನೋಡು.

ಸರಿಯಾಗಿ ಊಟ ಮಾಡು. ಒದ್ದೆ ಕೂದಲಲ್ಲಿ ಮಲಗಬೇಡ.

ನಿನ್ನ
ಅಮ್ಮ

ತಾ. ಕ. ಗುರುವಾರ ಬೆಳಿಗ್ಗೆ. ಲಕೋಟೆಗೆ ಸ್ಟಾಂಪು ಇಲ್ಲ ಅಂತ ನೋಡಬೇಡ. ಇದನ್ನು ನಿಮ್ಮ ಹಾಸ್ಟೆಲಿನ ಗೇಟಿನವಳ ಕೈಲಿ ಮೇಲಕ್ಕೆ ಕಳಿಸುತ್ತಿದ್ದೇನೆ. ನಾನು ಕೆಳಗೆ ಬೆಂಚಿನ ಮೇಲಿದ್ದೇನೆ, ರಾತ್ರಿ ಬಸ್ಸಿಗೆ ಬಂದೆ. ಜಡೆಯಣ್ಣನೂ ಬಂದಿದ್ದಾನೆ. ಆ ಹುಡುಗಿ ನನ್ನ ಮಗಳು ಅಂತ ನಿನ್ನೆ ಅವನಿಗೆ ಹೇಳಿಬಿಟ್ಟೆ. ಅವನು ನೇರವಾಗಿ ಚಾನೆಲ್‌ನವರ ಹತ್ತಿರ ಹೋಗಿ, ಅವಳಿಗೆ ತಿಳಿಸದೆ ನಾನು ಬೀಳಲ್ಲ ಅಂತ ಹೇಳಿ ಬಂದ. ನೀನಲ್ಲದಿದ್ದರೆ ಇನ್ನೊಬ್ಬ ಅಂತ ಅವನಿಗೆ ಅಂದರಂತೆ, ಈಗ ಬೇರೆ ಗಂಡಸನ್ನು ಹುಡುಕುತ್ತಿದ್ದಾರೆ. ಪಂದ್ಯ ಅನ್ನದೆ, ಇದು ಪಟ್ಟುಗಳ ಪ್ರದರ್ಶನ ಅಂತ ಮೊದಲೇ ಎಲ್ಲರಿಗೂ ಹೇಳಿ, ನೀನೊಮ್ಮೆ ಅವನೊಮ್ಮೆ ಎಸೆದು ತೋರಿಸಿದರೆ ಅವರು ಒಪ್ಪಬಹುದೇನೋ ಅಂತ ಅವನ ಆಸೆ. ಒಪ್ಪದಿದ್ದರೆ ಇಬ್ಬರೂ ಒಟ್ಟಿಗೇ ಬಿಡೋಣ ಅನ್ನುತ್ತಾನೆ. ಇದನ್ನು ನಿನಗೆ ಅವನೇ ಹೇಳಬೇಕಂತೆ. ಬೆಂಚಿನ ಆ ತುದಿಯಲ್ಲಿ ಕೂತು ಉಗುರು ಕಡಿಯುತ್ತಿದ್ದಾನೆ, ನಿಮ್ಮ ಮಗಳು ಬೈತಾಳಾ ಅಂತ ಆಗಿನಿಂದ ಕೇಳುತ್ತಿದ್ದಾನೆ. ಬೈತಾಳೆ ಅಂದಿದ್ದೇನೆ. ಚಪ್ಪಲಿ ಹಾಕಿಕೊಂಡು ಇಳಿದು ಬಾ.