ಕಾಣದ್ದಕ್ಕೆ ಹಾಕಿದ ಸಹಿ

ಅಪ್ಪಾ,

ನಿನ್ನ ಮೇಲೆ ನನಗೆ ಸಿಟ್ಟು ಬಂದಿದೆ. ಸತ್ತವರ ಮೇಲೆ ಸಿಟ್ಟಾಗಬಾರದು ಅನ್ನುತ್ತಾಳೆ ಅವ್ವ. ಬದುಕಿದ್ದಾಗ ನಿನ್ನೆದುರು ದನಿ ಎತ್ತುವ ಧೈರ್ಯ ಇರಲಿಲ್ಲ, ಈಗಲೂ ಎತ್ತದಿದ್ದರೆ ಇನ್ನು ಯಾವಾಗ? ಅದಕ್ಕೇ ಅಂಗಡಿಯಲ್ಲಿ, ನಿನ್ನದೇ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಮಧ್ಯಾಹ್ನ ಮೂರಾಯಿತು. ಬೆಳಿಗ್ಗೆಯಿಂದ ಒಂದು ಗೋಡೆ ಗಡಿಯಾರಕ್ಕೆ ಸೆಲ್ ಹಾಕಿದ್ದು ಬಿಟ್ಟರೆ ಕೆಲಸವಿಲ್ಲ. ಗಿರಾಕಿಗಳು ಯಾಕೆ ಬರುತ್ತಿಲ್ಲ ಅನ್ನುವುದನ್ನೂ ಹೇಳುತ್ತೇನೆ, ತಡೆ.

ನನಗೆ ಹನ್ನೆರಡು ವರ್ಷವಿದ್ದಾಗಿನ ಮಾತು. ನೀನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೀಲಿ ಗಡಿಯಾರ ಬಿಚ್ಚಿ ಕೂತಿದ್ದೆ. ಎದುರಿನ ಪೊಲೀಸ್ ಠಾಣೆಯಿಂದ ಹವಾಲ್ದಾರರು ರಸ್ತೆ ದಾಟಿ ಬಂದರು. "ಗಡಿಯಾರದವ್ರ, ಸಾಹೇಬ್ರು ಕರ್ಯಾಕತ್ತಾರ. ಒಂದು ಪಂಪ್‌ಸೆಟ್ ಕಳುವಿನ ಪಂಚನಾಮೆ ಐತಿ." ನೀನು ಟೋಪಿ ಸರಿಮಾಡಿಕೊಂಡು ಹೋದವನು ಹತ್ತೇ ನಿಮಿಷದಲ್ಲಿ ವಾಪಸು ಬಂದೆ. ಪಂಪ್‌ಸೆಟ್ ಕಳುವಾದ ಹೊಲವೋ ಊರಿಂದ ಮೂರು ಮೈಲಿ ದೂರ. ಪೊಲೀಸರ ಜೊತೆ ಹೋಗಿ ಆ ಜಾಗವನ್ನು ಕಣ್ಣಾರೆ ಕಂಡೆವು ಅಂತ ಇಬ್ಬರು ಊರವರು ಬರೆದುಕೊಡಬೇಕು, ಅವರೇ ಪಂಚರು. ಅಷ್ಟು ನನಗೂ ಗೊತ್ತಿತ್ತು.

"ನೀ ಅಲ್ಲಿ ಹೋಗಿ ನೋಡಿದ್ಯೇನಪಾ?" ಅಂತ ಕೇಳಿದೆ.

"ನೋಡೂದು ಅವರ ಕೆಲಸ. ಸಹಿ ಹಾಕೂದು ನಮ್ಮ ಕೆಲಸ. ನಾಕು ಮಂದ್ಯಾಗ ಮರ್ಯಾದಿ ಇದ್ದವರನ್ನ ಕರೀತಾರ ತಮ್ಮಾ," ಅಂದೆ ನೀನು. ನನಗೆ ಅದು ದೊಡ್ಡಸ್ತಿಕೆಯಂತೆ ಕಂಡಿತು.

ಮರುವರ್ಷ ಅದೇ ಕೇಸಿಗೆ ನಿನ್ನನ್ನು ಕೋರ್ಟಿಗೆ ಕರೆದಾಗ ನಾನೂ ಬೆನ್ನು ಹತ್ತಿ ಬಂದಿದ್ದೆ, ನೆನಪಿದೆಯಾ? ವರಾಂಡದಲ್ಲಿ ಹವಾಲ್ದಾರರು ನಿನಗೆ ಪಾಠ ಹೇಳಿಕೊಡುತ್ತಿದ್ದರು: "ಬಾಂವಿ ಬಲಕ್ಕ, ಹುಣಸಿ ಗಿಡ ಎಡಕ್ಕ. ಮರೀಬ್ಯಾಡ್ರಿ ಮತ್ತ." ನೀನು ತುಟಿ ಅಲ್ಲಾಡಿಸುತ್ತ ಕಂಠಪಾಠ ಮಾಡಿದೆ. ಒಳಗೆ ಹೋದ ಮೇಲೆ ಬಾವಿ ಎಡಕ್ಕೆ ಬಂತು. ವಕೀಲರು ನಕ್ಕರು. ಕಟಕಟೆಯಲ್ಲಿದ್ದ ಆರೋಪಿ ನಗಲಿಲ್ಲ, ಅವನ ಒಂದು ಕಿವಿಗೆ ಹತ್ತಿ ತುರುಕಿತ್ತು. ಮನೆಗೆ ಬಂದು ನೀನು ಊಟ ಬಿಟ್ಟೆ. ಬಾವಿ ತಪ್ಪಿದ್ದಕ್ಕೋ, ಆ ಕಿವಿ ಕಂಡದ್ದಕ್ಕೋ... ನಾನು ಕೇಳಲಿಲ್ಲ. ಮುಂದೆ ಅವನಿಗೇನಾಯಿತು ಅಂತ ನೀನೂ ಯಾರನ್ನೂ ಕೇಳಲಿಲ್ಲ.

ಆಗಸ್ಟ್ ಹದಿನೈದು ಬಂತೆಂದರೆ ನಿನ್ನದು ಒಂದೇ ಕಥೆ. ಹುಟ್ಟೂರು ಮೋಟೆಬೆನ್ನೂರಿನ ಹೆಸರು ತೆಗೆದರೆ ನಿನ್ನ ಎದೆ ಎರಡು ಗೇಣು ಉಬ್ಬುತ್ತಿತ್ತು. "ಬ್ರಿಟಿಷರ ಪೊಲೀಸ್ರು ಬೆನ್ನಿನ ಚರ್ಮ ಸುಲದ್ರೂ ನಮ್ಮೂರ ಹಿರೇರು ಜಗ್ಗಲಿಲ್ಲ!" ಜೆಂಡಾ ಹಾರಿಸಿ ಬಂದು, ಅದೇ ಮಧ್ಯಾಹ್ನ ಠಾಣೆಯಲ್ಲಿ ಸಹಿ ಹಾಕಿದ ವರ್ಷವೂ ಒಂದಿತ್ತಲ್ಲ ಅಪ್ಪಾ? ಆ ಲಾಠಿ ಕೆಟ್ಟದ್ದು, ಈ ಲಾಠಿ ಒಳ್ಳೆಯದು ಅಂತ ನಿನಗೆ ಯಾರು ಹೇಳಿಕೊಟ್ಟರು? ಮೈ ಎರಡೂ ಕಡೆ ನಮ್ಮದೇ ಅಲ್ಲವೇ?

ನೀನು ಹೋಗಿ, ದಿನಗಳು ಮುಗಿದು, ಅಂಗಡಿಯ ಬಾಗಿಲು ತೆರೆದ ದಿನವೇ ಠಾಣೆಯಿಂದ ಕರೆ ಬಂತು. "ಅಪ್ಪಾರ ಜಾಗಾ ಈಗ ನಿಮ್ದರಿ," ಅಂದರು. ನನಗೂ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಹೆಲ್ಮೆಟ್ ಇಲ್ಲದೆ ಸಿಕ್ಕರೆ ನಕ್ಕು ಬಿಡುತ್ತಿದ್ದರು. ಗಡಿಯಾರದ ಮುಚ್ಚಳ ತೆಗೆಯುವ ಮೊದಲು ಮೂರು ಸಲ ನೋಡು ಅಂತ ಕಲಿಸಿದವನು ನೀನು. ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ಸಲ ಓದು ಅಂತ ಯಾಕೆ ಕಲಿಸಲಿಲ್ಲ? ಓದುವುದಾದರೂ ಏನಿತ್ತು, ಎಷ್ಟೋ ಸಲ ಹಾಳೆ ಖಾಲಿಯೇ ಇರುತ್ತಿತ್ತು.

ಹೋದ ಮೆಣಸಿನಕಾಯಿ ಹಂಗಾಮಿನಲ್ಲಿ ಹವಾಲ್ದಾರರು, ಈಗಿನವರು, ಎರಡು ಖಾಲಿ ಹಾಳೆ ತಂದು ಗಾಜಿನ ಪೆಟ್ಟಿಗೆಯ ಮೇಲೆ ಇಟ್ಟರು.

"ಲಗೂನ ಎರಡು ಸಹಿ ಒಗೀರಿ. ಆಮ್ಯಾಲೆ ಬರಕೋತೀವಿ."

"ಏನು ಕೇಸ್ರಿ?"

"ಏನಿಲ್ಲ ಬಿಡ್ರಿ, ಒಬ್ಬಾಂವ ಬಿದ್ದಾನ."

ಒಗೆದೆ. ಬಿದ್ದವನು ಯಾರು, ಎಲ್ಲಿ ಬಿದ್ದ, ಬದುಕಿದ್ದಾನೋ ಇಲ್ಲವೋ ಒಂದೂ ಕೇಳದೆ ಚಹಾ ತರಿಸಿ ಕೊಟ್ಟೆ.

ಒಂದೆರಡು ತಿಂಗಳಾದ ಮೇಲೆ ಒಬ್ಬ ಹೆಣ್ಣುಮಗಳು ಅಂಗಡಿ ಮುಂದೆ ಬಂದು ನಿಂತಳು. ಹೆಸರು ಗಂಗವ್ವ, ನಿನ್ನ ಮೋಟೆಬೆನ್ನೂರಿನವಳೇ. ಗಂಡ ಹನುಮಂತ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಹಮಾಲ. ಅಲ್ಲಿಗೆ ಹೋಗಿದ್ದ ನಮ್ಮೂರಿನ ಒಬ್ಬ ವ್ಯಾಪಾರಿಯ ಮೊಬೈಲ್ ಕಾಣೆಯಾಯಿತೆಂದು ಪೊಲೀಸರು ಅವನನ್ನು ಇಲ್ಲಿಗೆ ಎತ್ತಿಕೊಂಡು ಬಂದು, ಎಲ್ಲೂ ಬರೆದುಕೊಳ್ಳದೆ ಎರಡು ದಿನ ಠಾಣೆಯಲ್ಲಿ ಇಟ್ಟುಕೊಂಡು ಬಡಿದಿದ್ದರು. ಬಲ ಹೆಗಲು ಮುರಿದಿತ್ತು. ಮೂರನೇ ದಿನ ಮೊಬೈಲು ಆ ವ್ಯಾಪಾರಿಯ ಕಾರಿನ ಸೀಟಿನ ಕೆಳಗೇ ಸಿಕ್ಕಿತು. ಈಗ ಮುರಿದ ಹೆಗಲಿಗೆ ಒಂದು ಕಾರಣ ಬೇಕಲ್ಲ? ಗಂಗವ್ವ ವಕೀಲರಿಂದ ತೆಗೆಸಿದ ಝೆರಾಕ್ಸ್ ನನ್ನ ಮುಂದೆ ಹಿಡಿದಳು. ಹನುಮಂತ ಪೊಲೀಸರನ್ನು ಕಂಡು ಓಡುವಾಗ ಕೋಲ್ಡ್ ಸ್ಟೋರೇಜಿನ ಹಿಂದಿನ ಗೋಡೆ ಹತ್ತಿ ಬಿದ್ದನು, ಆ ಗೋಡೆಯನ್ನೂ ಅದರ ಬುಡದಲ್ಲಿ ಬಿದ್ದ ಚಪ್ಪಲಿಯನ್ನೂ ಪಂಚರು ಖುದ್ದಾಗಿ ಕಂಡರು ಎಂದು ಬರೆದಿತ್ತು. ಕೆಳಗೆ ನಿನ್ನ ಮಗನ ಗುಂಡಗಿನ ಸಹಿ.

"ಅಣ್ಣಾರ, ನೀವು ಆ ಗ್ವಾಡಿ ನೋಡೀರೇನ್ರಿ?"

ನಾನು ಝೆರಾಕ್ಸನ್ನು ಮಡಿಸಿ ಅವಳ ಕಡೆಗೇ ಸರಿಸಿದೆ.

"ಜಗಳಾ ಮಾಡಾಕ ಬಂದಿಲ್ರಿ ನಾನು. ನೋಡಿದ್ರ ನೋಡೀನಿ ಅನ್ರಿ, ಸುಮ್ಮನ ಹೊಕ್ಕೀನಿ."

ಅತ್ತಿದ್ದರೆ ಸಮಾಧಾನ ಹೇಳುತ್ತಿದ್ದೆ, ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ಎರಡೂ ಮಾಡಲಿಲ್ಲ. "ಠಾಣೇದಾಗ ಕೇಳವಾ," ಅಂದು ಭೂತಗನ್ನಡಿ ಕಣ್ಣಿಗೇರಿಸಿ, ಕೆಟ್ಟು ಬಿದ್ದಿದ್ದ ಯಾವುದೋ ಗಡಿಯಾರದೊಳಗೆ ಮುಖ ಹಾಕಿದೆ. ತಲೆ ಎತ್ತಿದಾಗ ಅವಳು ಇರಲಿಲ್ಲ.

ಅವಳ ಪ್ರಶ್ನೆ ಮಾತ್ರ ಹೋಗಲಿಲ್ಲ ಅಪ್ಪಾ. ನಾಲ್ಕನೇ ದಿನ ಬೈಕು ಹತ್ತಿ ಬ್ಯಾಡಗಿಗೆ ಹೋದೆ. ಕೇಳಿ ಕೇಳಿ ಆ ಕೋಲ್ಡ್ ಸ್ಟೋರೇಜ್ ಹುಡುಕಿ, ಹಿಂದೆ ಹೋಗಿ ನೋಡಿದರೆ ಅಲ್ಲಿ ಗೋಡೆಯೇ ಇಲ್ಲ! ಕಲ್ಲುಕಂಬಕ್ಕೆ ಬಿಗಿದ ತಂತಿ ಬೇಲಿ. ಕಾವಲುಗಾರನನ್ನು ಕೇಳಿದೆ, ಗೋಡೆ ಕೆಡವಿದರೇನು ಅಂತ. "ಕಟ್ಟಿದ್ರಲ್ಲೇನ್ರಿ ಕೆಡವೂದು?" ಅಂದ. ಬರೆದವರೂ ಅಲ್ಲಿಗೆ ಹೋಗಿರಲಿಲ್ಲ. ಯಾರೂ ಹೋಗಿ ನೋಡುವುದಿಲ್ಲ ಅನ್ನುವ ಧೈರ್ಯ ಅವರಿಗೆ ಎಲ್ಲಿಂದ ಬಂತು? ನಮ್ಮಂಥವರ ಸಹಿಯಿಂದ ತಾನೇ?

ವಾಪಸು ಬರುವಾಗ ಒಂದು ಗೋದಾಮಿನ ನೆರಳಿನಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನಡುವೆ ಗಂಗವ್ವ. ಅವಳ ಪಕ್ಕದಲ್ಲಿ ಬಲಗೈ ಮಡಿಲಲ್ಲಿಟ್ಟುಕೊಂಡು ಎಡಗೈಯಲ್ಲಿ ತೊಟ್ಟು ಮುರಿಯುತ್ತಿದ್ದ ಒಬ್ಬನೇ ಗಂಡಸು. ಚೀಲಗಳನ್ನು ಬೆನ್ನ ಮೇಲೆ ಎಸೆದುಕೊಂಡು ಓಡಾಡಿದ ಹಮಾಲ... ನಾನು ಬೈಕು ನಿಲ್ಲಿಸಲಿಲ್ಲ. ನಾಚಿಕೆ ಅನ್ನುವುದು ನನಗೆ ಆವತ್ತು ಮೈಗೆ ಹತ್ತಿದಷ್ಟು ಎಂದೂ ಹತ್ತಿರಲಿಲ್ಲ.

ಗಂಗವ್ವ ಕೊಟ್ಟ ಅರ್ಜಿಯ ಮೇಲೆ ಹಾವೇರಿಯಲ್ಲಿ ವಿಚಾರಣೆ ಶುರುವಾಗಿ ನನಗೂ ನೋಟಿಸು ಬಂದಾಗ ಹವಾಲ್ದಾರರು ಮತ್ತೆ ರಸ್ತೆ ದಾಟಿ ಬಂದರು. "ನೆನಪಿಲ್ಲ ಅಂದುಬಿಡ್ರಿ. ಹಾವೂ ಸಾಯಂಗಿಲ್ಲ, ಕೋಲೂ ಮುರ್ಯಂಗಿಲ್ಲ." ನಿನ್ನ ಸೊಸೆ ರೊಟ್ಟಿ ತಟ್ಟುತ್ತಾ ಅದನ್ನೇ ಹೇಳಿದಳು: "ಅವರ ಬಾಗಲಾ ಎದುರಿಗೇ ಅಂಗಡಿ ಇಟ್ಟೇವಿ. ಮಕ್ಕಳನ್ನ ಕಟಗೊಂಡು ಎಲ್ಲಿ ಹೋಗೂನು?" ಅವಳದ್ದೇನು ತಪ್ಪು? ಬಸ್ಸಿನಲ್ಲಿ ಹಾವೇರಿ ಮುಟ್ಟುವ ತನಕ ನಾನೂ "ನೆನಪಿಲ್ಲ" ಅಂತಲೇ ಬಾಯಲ್ಲಿ ಮಣಮಣ ಅನ್ನುತ್ತಿದ್ದೆ, ನೀನು ಬಾವಿ ಬಲಕ್ಕೆ ಅಂದುಕೊಂಡ ಹಾಗೆ.

ಒಳಗೆ ವಿಚಾರಣೆ ನಡೆಸುವ ಅಧಿಕಾರಿ, ಒಬ್ಬರು ಮೇಡಮ್ಮು ಕೂತಿದ್ದರು. "ಗೋಡೆ ನೋಡೀರಾ?" ಅಂತ ಕೇಳಿದರು. "ಅಲ್ಲಿ ಗ್ವಾಡಿನ ಇಲ್ರಿ," ಅಂದುಬಿಟ್ಟೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು? ಖಾಲಿ ಹಾಳೆ, ಚಹಾ, ತಂತಿ ಬೇಲಿ ಎಲ್ಲ ಹೇಳಿದೆ. ಠಾಣೆಯ ಪರವಾಗಿ ಬಂದವರು ಎದ್ದು ನಿಂತರು: "ಹಮಾಲರ ಕಡೆಯವ್ರು ಇವರನ್ನ ಹೆದರಿಸಿ ಹೇಳಿಸ್ಯಾರ್ರಿ. ಓದು ಬಲ್ಲ ಮನಶಾ ಯಾರರ ಖಾಲಿ ಹಾಳಿಗೆ ಸಹಿ ಹಾಕ್ತಾನೇನ್ರಿ?" ಮೇಡಮ್ಮು ನನ್ನ ಕಡೆ ತಿರುಗಿ, "ಹೇಳ್ರಿ, ಯಾಕ ಹಾಕಿದ್ರಿ?" ಅಂದರು.

ಇಲ್ಲಿಯವರೆಗಿನದು ಊರಿಗೆಲ್ಲ ಗೊತ್ತು. ಆಮೇಲೆ ಆದದ್ದೂ ಗೊತ್ತು. ಠಾಣೆಯವರು ನಮ್ಮ ಅಂಗಡಿಯ ಮುಂದೆ ಎರಡು ಬ್ಯಾರಿಕೇಡ್ ತಂದು ನಿಲ್ಲಿಸಿದ್ದಾರೆ, ಗಿರಾಕಿಗಳು ದೂರದಿಂದಲೇ ನೋಡಿ ಹೋಗುತ್ತಾರೆ. ಸಾಹೇಬರಿಗೆ ಬೇರೆ ಊರಿಗೆ ವರ್ಗವಾಯಿತು, ಹಾರ ಹಾಕಿ ಕಳಿಸಿಕೊಟ್ಟರು. ವಿಚಾರಣೆಯ ವರದಿ ಇನ್ನೂ ಬಂದಿಲ್ಲ, ಯಾವಾಗ ಕೇಳಿದರೂ ಬರುತ್ತದೆ ಅನ್ನುತ್ತಾರೆ. ಹನುಮಂತನ ಬಲಗೈ ತಲೆಯ ಮೇಲಕ್ಕೆ ಏಳುವುದಿಲ್ಲ. ಬಡಿದವರಿಗೆ ಏನೂ ಆಗಿಲ್ಲ, ಖರೇ ಹೇಳಿದವನ ಬಾಗಿಲಿಗೆ ಬೇಲಿ ಬಿದ್ದಿದೆ. ಎಂಥ ಕಾಯಿದೆ ಇದು?

ಊರಿಗೆ ಗೊತ್ತಿಲ್ಲದ್ದು, ಅವ್ವನಿಗೂ ಹೇಳದ್ದು ಒಂದಿದೆ. ಯಾಕೆ ಹಾಕಿದ್ರಿ ಅಂದರಲ್ಲ ಮೇಡಮ್ಮು, ಅದಕ್ಕೆ ನನ್ನ ಬಳಿ ಇದ್ದದ್ದು ಒಂದೇ ನಿಜವಾದ ಉತ್ತರ. ಅದನ್ನು ಹೇಳದಿದ್ದರೆ ನನ್ನ ಮಾತನ್ನು ಯಾರೂ ನಂಬುತ್ತಿರಲಿಲ್ಲ, ಹನುಮಂತನ ಹೆಗಲು ಆ ಇಲ್ಲದ ಗೋಡೆಯಿಂದಲೇ ಮುರಿದದ್ದಾಗುತ್ತಿತ್ತು. ಹೇಳಿದೆ. ಪಂಪ್‌ಸೆಟ್ಟಿನ ಕೇಸನ್ನೂ ಹೇಳಿದೆ. ಗುಮಾಸ್ತರು ಬರೆದು ಮುಗಿಸಿ ನನ್ನ ಹೇಳಿಕೆಯನ್ನು ಓದಿದರು. ಅದರಲ್ಲಿ ನಿನ್ನ ಹೆಸರು ಎರಡು ಕಡೆ ಬರುತ್ತದೆ ಅಪ್ಪಾ. ಮೊದಲ ಸಾಲಿನಲ್ಲಿ ಎಲ್ಲರ ಹೇಳಿಕೆಯಲ್ಲೂ ಇರುವ ಹಾಗೆ, ತಂದೆಯ ಹೆಸರು ಚನ್ನಬಸಪ್ಪ. ಆಮೇಲೆ ಕೆಳಗೆ: "ನೋಡದೆ ಸಹಿ ಹಾಕುವುದನ್ನು ನಾನು ನನ್ನ ತಂದೆ ಚನ್ನಬಸಪ್ಪನವರಿಂದ ಕಲಿತೆನು. ಅವರು ಇಪ್ಪತ್ತು ವರ್ಷ ಹೀಗೆಯೇ ಸಹಿ ಹಾಕಿದ್ದಾರೆ."

ಮೇಡಮ್ಮು ಪೆನ್ನು ಹಿಡಿದು ತಡೆದರು. "ತೀರಿಕೊಂಡವರ ಹೆಸರು ಅದ. ಬೇಕಾದ್ರ ಈ ಸಾಲು ತಗೀಸ್ತೀನಿ," ಅಂದರು ಮೆಲ್ಲಗೆ.

ಬೇಡ ಅಂದೆ.