ಗಾಳಿಗೆ ಎದುರಾಗಿ ಬಂದ ಪತಂಗ

ಹಳೇಬೀಡು, ೧೪ ನವೆಂಬರ್ ೨೦೨೪. ಚಿಕ್ಕಮ್ಮನ ಮನೆ, ಬೆಳಿಗ್ಗೆ.

ಧರ್ಮೇಶ್,

ನಿನ್ನೆ ಸಂಜೆ ಬದನೆ ತೋಟದ ಮೋಹಕ ಬಲೆಗೆ ಹೊಸ ಬಿಲ್ಲೆ ಹಾಕಿದೆ. ಅದಕ್ಕೆ ಹೆಣ್ಣು ಪತಂಗದ ವಾಸನೆ ಇರುತ್ತದೆ. ಗಂಡುಗಳು ಹುಡುಕಿ ಬಂದು ಬಲೆಗೆ ಬೀಳುತ್ತವೆ. ಬರಿಗೈಯಲ್ಲಿ ಮುಟ್ಟಿ, ಕೈಯನ್ನು ಅಂಗಿಗೆ ಒರೆಸಿಕೊಂಡುಬಿಟ್ಟೆ. ಸ್ವಲ್ಪ ಹೊತ್ತಿಗೆ ಬಿಳಿ ಪತಂಗವೊಂದು ಗಾಳಿಗೆ ಎದುರಾಗಿ ನನ್ನತ್ತಲೇ ಹಾರಿಬಂತು.

“ನಿನ್ನ ಹುಡುಕ್ಕೊಂಡು ಬರೋದೂ ಗಂಡು ಹುಳಾನೇ ಏನೋ!” ಎಂದು ಚಿಕ್ಕಮ್ಮ ನಕ್ಕರು.

ಅಷ್ಟರಲ್ಲಿ ಗಾಳಿ ನಿಂತಿತು. ವಾಸನೆ ತಪ್ಪಿದರೂ ಪತಂಗ ಹಿಂತಿರುಗಲಿಲ್ಲ. ಎಡಕ್ಕೂ ಬಲಕ್ಕೂ ಹಾರಾಡುತ್ತ ಅಲ್ಲೇ ಹುಡುಕಿತು. ಗಾಳಿ ಮತ್ತೆ ಬೀಸಿದಾಗ ಮುಂದೆ ಬಂದು ನನ್ನ ತೋಳಿನ ಮೇಲೆ ಕೂತಿತು. ನಾವಿಬ್ಬರೂ ಓದಿದ ಉರ್ದು ಗಜಲ್‌ಗಳ ಅನುವಾದಗಳಲ್ಲಿ ಪತಂಗಗಳು ದೀಪಕ್ಕೆ ಬಿದ್ದು ಸಾಯುವುದಷ್ಟೇ ಇತ್ತು.

ನಾನು ನಿನಗೆ ಒಂದೇ ಸಲ ಫೋನ್ ಮಾಡಿದ್ದೆ. ನೀನು ಎತ್ತಲಿಲ್ಲವೆಂದು ಸುಮ್ಮನಾದೆ. ಆ ವಾರವೇ ನಿನ್ನ ತಂದೆ ತೀರಿಕೊಂಡರೆಂದು ತಿಂಗಳ ನಂತರ ತಿಳಿಯಿತು. ಆಗಲೂ ನಾನು ಮತ್ತೆ ಫೋನ್ ಮಾಡಲಿಲ್ಲ. ಅದಾಗಿ ಎರಡು ವರ್ಷ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ನಾನೇ ಬಾಣಾವರದ ನಿಮ್ಮ ಮನೆಗೆ ಬರುವುದೆಂದು ತೀರ್ಮಾನಿಸಿದ್ದೇನೆ. ನೀನು ಮಾತಾಡದಿದ್ದರೂ ನಿನ್ನ ಅಮ್ಮನನ್ನು ಕಂಡು, ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತಿರುತ್ತೇನೆ.